ಮೈಸೂರು ಸೀಮೆಯ ಭೂಮಾಪನವೂ ಗ್ರಾಮಗಳ ಕೈಫಿಯತ್ತುಗಳೂ

ಪಶ್ಚಿಮದಲ್ಲಿ ಸಹ್ಯಾದ್ರಿ, ಪೂರ್ವದಲ್ಲಿ ಪೂರ್ವಘಟ್ಟಗಳು, ದಕ್ಷಿಣದಲ್ಲಿ ನೀಲಗಿರಿ, ಈ ಮೂರು ಪರ್ವತಪಂಕ್ತಿಗಳ ನಡುವೆ ಎತ್ತಿ ಹಿಡಿದ ಹರಿವಾಣದಂತಿರುವ ಮೈಸೂರು ಸೀಮೆಯ ಬಯಲುನಾಡು ಬಹುಮಟ್ಟಿಗೆ ಸಮುದ್ರಮಟ್ಟದಿಂದ ೨,೦೦೦ ಅಡಿಗಳಿಗೂ ೩,೦೦೦ ಅಡಿಗಳಿಗೂ ನಡುವಣ ಎತ್ತರದಲ್ಲಿದೆ. ಇಂತಹ ನಾಡನ್ನು ಅಳೆದು ಭೂಪಟದಲ್ಲಿ ಬರೆಯುವುದು ಬೆಟ್ಟದ ಸೀಮೆಯನ್ನು ಬರೆಯುವುದಕ್ಕಿಂತ ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವಸ್ಥಿತಿಯು ಇದಕ್ಕೆ ವಿಪರೀತವಾದುದು. ಬೆಟ್ಟದ ಸೀಮೆಯಲ್ಲಿ ಶಿಖರಗಳೂ ಕಣಿವೆಗಳೂ ತಾವೇ ತಮ್ಮ ಗುರುತನ್ನು ಹೇಳುತ್ತವೆ. ಬಯಲಿನಲ್ಲಿ ನಿಂತವನಿಗೆ ಭೂಮಿಯ ಗೋಲತ್ವವೇ ಅಡ್ಡಬರುತ್ತದೆ. ಆಳೆತ್ತರದ ಕಣ್ಣಿಗೆ ಸಮತಟ್ಟಾದ ನೆಲದಲ್ಲಿ ಸುಮಾರು ೩ ಮೈಲಿಗಳಾಚೆ ಕ್ಷಿತಿಜವು ಮುಗಿದುಹೋಗುವುದು. ಹಳೆಯ ಮೈಸೂರಿನ ಒಂದು ಹರದಾರಿಯೂ ಹೆಚ್ಚುಕಡಮೆ ಇಷ್ಟೇ ದೂರವೆಂಬುದು ಕಾಕತಾಳೀಯವಾದರೂ ನೆನೆಯತಕ್ಕ ಸಂಗತಿ.

ಈ ಸೀಮೆಯ ಮೊದಲನೆಯ ಸಮಗ್ರ ಭೂಪಟವು ೧೭೯೯ನೆಯ ಇಸವಿಯಿಂದ ಸುಮಾರು ೧೮೦೮ರ ವರೆಗೆ ಕರ್ನಲ್ ಕಾಲಿನ್ ಮೆಕೆಂಜಿಯ ಆಧಿಪತ್ಯದಲ್ಲಿ ಸಿದ್ಧವಾಯಿತು. ಮೆಕೆಂಜಿಯ ಹೆಸರು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಆದರೆ ಅವರಲ್ಲಿ ಬಹುಮಂದಿಗೆ ಆತನು ಕೈಫಿಯತ್ತುಗಳನ್ನು ಕೂಡಿಸಿದ ಸಂಗ್ರಾಹಕನಾಗಿ ಪರಿಚಿತನೇ ಹೊರತು ಭೂಮಾಪಕನಾಗಿ ಅಲ್ಲ. ಭೂಗೋಳಜ್ಞರಿಗಾದರೋ ಆತನು ಭೂಮಾಪಕನು. ಕೈಫಿಯತ್ತುಗಳು ಆತನ ಬಿಡುವಿನ ವೇಳೆಯ ಹವ್ಯಾಸ. ಈ ಎರಡು ಅಭಿಪ್ರಾಯಗಳೂ ಅರ್ಧಸತ್ಯಗಳು. ಭೂಪಟವೂ ಕೈಫಿಯತ್ತೂ ಒಂದೇ ಗುಡಾರದಲ್ಲಿ, ಒಂದೇ ವ್ಯವಸ್ಥೆಯ ಕೆಳಗೆ, ಒಂದೇ ಪ್ರಯೋಜನಕ್ಕಾಗಿ ಹುಟ್ಟಿದುವು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಎರಡೂ ಅಪೂರ್ಣವಾಗುವುವೆಂಬುದನ್ನು ಕಾವೇರಿಯ ದಡದ ಸಾಲಿಗ್ರಾಮ, ಎಡತೊರೆ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗುವುದು.

ಆಂಗ್ಲೇಯರು ಬರುವುದಕ್ಕೆ ಮೊದಲು ಈ ನಾಡಿನಲ್ಲಿ ಭೂಮಿಯನ್ನು ಅಳೆಯುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಶುಲ್ಬಸೂತ್ರಗಳ ಕಾಲದಿಂದಲೂ ಹಗ್ಗದಿಂದ ಕ್ಷೇತ್ರವನ್ನು ಅಳೆಯುವ ಶಾಸ್ತ್ರವು ನಡೆದು ಬಂದಿದೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ೨೪ ಅಂಗುಲಗಳಿಗೆ ಒಂದು ಹಸ್ತ, ೪ ಹಸ್ತಗಳಿಗೆ ಒಂದು ದಂಡ, ೨,೦೦೦ ದಂಡಗಳಿಗೆ ಒಂದು ಕ್ರೋಶ, ೪ ಕ್ರೋಶಗಳಿಗೆ ಒಂದು ಯೋಜನವೆಂಬ ಪರಿಭಾಷೆ ಇದೆ. ಕನ್ನಡದಲ್ಲಿಯೇ ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನೂ ವ್ಯವಹಾರಗಣಿತವನ್ನೂ ರಚಿಸಿದನು. ಆದುದರಿಂದ ಆಧುನಿಕ ಭೂಮಾಪನವೆಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಅಡಗಿದ್ದಿತೆಂದು ಹೇಳುವವರೂ ಉಂಟು. ಅದು ಅತ್ಯುಕ್ತಿ. ಆರ್ಯಭಟನು ಭೂಮಿಯ ವ್ಯಾಸವನ್ನು ೧,೦೫೦ ಯೋಜನವೆಂದು ಹೇಳಿದನು, ಸರಿ. ಆ ಯೋಜನವು ಎಷ್ಟುದ್ದವೆಂಬುದು ಇಂದಿಗೂ ವಿವಾದದಲ್ಲಿದೆ. ಸೂತ್ರವು ಎಷ್ಟು ಶುದ್ಧವಾಗಿದ್ದರೂ ಮಾನದಂಡವು ಊರಿಂದೂರಿಗೆ ಬದಲಾಗುತ್ತಿದ್ದರೆ ಭೂಪಟವು ಹುಟ್ಟಲಾರದು. ಶಾಸನಗಳಲ್ಲಿ ಕಾಣುವ ಗಳೆಗಳು ಒಂದೊಂದು ನಾಡಿಗೆ ಒಂದೊಂದು ಬಗೆಯವು. ಮೈಸೂರು ಸೀಮೆಯ ರೈತರು ಹೊಲವನ್ನು ಎಣಿಸುತ್ತಿದ್ದುದಾದರೂ ಬಿತ್ತುವ ಬೀಜದ ಅಳತೆಯಿಂದ. ಇಷ್ಟು ಕೊಳಗದ ಬೀಜವರಿ, ಇಷ್ಟು ಖಂಡುಗದ ಗದ್ದೆ ಎಂಬುದು ಅವರ ಲೆಕ್ಕ. ಖಂಡುಗ ಬೆದ್ದಲೂ ಖಂಡುಗ ಗದ್ದೆಯೂ ವಿಸ್ತಾರದಲ್ಲಿ ಸಮವಲ್ಲ. ಬೆದ್ದಲು ಹಲವು ಪಟ್ಟು ಹೆಚ್ಚು. ಈ ಲೆಕ್ಕವು ಕಂದಾಯಕ್ಕೂ ಕೃಷಿಗೂ ಅತ್ಯಂತ ಯುಕ್ತವಾದುದು, ಏಕೆಂದರೆ ಅದು ನೆಲದ ವಿಸ್ತಾರವನ್ನಲ್ಲ, ನೆಲದ ಶಕ್ತಿಯನ್ನು ಅಳೆಯುತ್ತದೆ. ಭೂಪಟಕ್ಕೆ ಮಾತ್ರ ಅದರಿಂದ ಉಪಯೋಗವಿಲ್ಲ.

ಆದರೆ ಒಂದು ವಿಷಯದಲ್ಲಿ ಹಿಂದಿನವರ ಪದ್ಧತಿಯು ಅಸಾಧಾರಣವಾದ ನಿಷ್ಕೃಷ್ಟತೆಯನ್ನು ಪಡೆದಿದ್ದಿತು. ಅದು ಎಲ್ಲೆಯ ನಿರೂಪಣೆ. ಹೊಯ್ಸಳರ ಮತ್ತು ವಿಜಯನಗರದ ಕಾಲದ ದತ್ತಿಶಾಸನಗಳಲ್ಲಿ ಊರಿನ ಚತುಸ್ಸೀಮೆಯನ್ನು ಮೂಡಲಿಂದ ಮೊದಲುಮಾಡಿ ಪ್ರದಕ್ಷಿಣವಾಗಿ ಹೇಳಿಕೊಂಡು ಹೋಗುವ ಕ್ರಮವನ್ನು ಶಾಸನಗಳನ್ನು ಓದಿದವರೆಲ್ಲರೂ ಬಲ್ಲರು. ಹುಣಸೆಯ ಮರ, ಹಾಸುಬಂಡೆ, ಹಳ್ಳದ ಕೂಡಲು, ಕೆರೆಯ ಕೋಡಿ, ಹುತ್ತ, ಮೂರೂರ ಮುಯ್ಯೆಲ್ಲೆ, ಹೀಗೆ ಹೆಜ್ಜೆಹೆಜ್ಜೆಗೂ ಗುರುತುಗಳು ಬರುತ್ತವೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣ್ವಾಲಯದ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಇದು ಕಾಗದದ ಮೇಲೆ ಬರೆಯದ, ನೆಲದ ಮೇಲೆಯೇ ಬರೆದ ಭೂಪಟವು. ಇದನ್ನು ಓದುವುದಕ್ಕೆ ಕಣ್ಣಿಗಿಂತ ಕಾಲು ಹೆಚ್ಚು ಅವಶ್ಯಕ. ಎಲ್ಲೆಯ ಸುತ್ತ ನಡೆದವನಿಗಲ್ಲದೆ ಅದು ತಿಳಿಯುವುದಿಲ್ಲ.

೧೭೯೦ರಿಂದ ೧೭೯೨ರ ವರೆಗೆ ನಡೆದ ಯುದ್ಧದಲ್ಲಿ ಕಂಪೆನಿಯ ಸೇನೆಗಳು ಮೈಸೂರು ಸೀಮೆಯನ್ನು ಹೊಕ್ಕುವಷ್ಟೆ. ಆಗ ಸಿದ್ಧವಾದ ಪಟಗಳು ಮಾರ್ಗಪಟಗಳು ಮಾತ್ರ. ಸೇನೆ ನಡೆದ ದಾರಿಯ ಎರಡು ಪಕ್ಕಗಳ ಊರು, ಕೋಟೆ, ನೀರುಗಳನ್ನು ಅವುಗಳಲ್ಲಿ ಕಾಣಿಸಿ, ದಾರಿಯಿಂದ ದೂರವಾದ ನೆಲವನ್ನು ಬರಿದಾಗಿ ಬಿಟ್ಟಿದ್ದರು. ೧೭೯೯ನೆಯ ಇಸವಿ ಮೇ ೪ರಂದು ಶ್ರೀರಂಗಪಟ್ಟಣವು ಪತನವಾಗಿ, ರಾಜ್ಯವು ಕಂಪೆನಿಗೂ ನಿಜಾಮನಿಗೂ ಒಡೆಯರ ಮನೆತನಕ್ಕೂ ಹಂಚಿಹೋದ ಮೇಲೆ ಆ ಬರಿದಾದ ಸ್ಥಳಗಳೇ ತೊಡಕಾದುವು. ಯಾವ ಊರು ಯಾರಿಗೆ ಸೇರಿತು, ಗಡಿಯು ಎಲ್ಲಿ ಹಾಯುತ್ತದೆ ಎಂಬುದನ್ನು ಊರುಗಳ ಪಟ್ಟಿಯಿಂದ ನಿರ್ಣಯಿಸಬೇಕಾಗಿದ್ದಿತು. ಪಟ್ಟಿಯಲ್ಲಿದ್ದ ಊರು ನೆಲದ ಮೇಲೆ ಎಲ್ಲಿದೆಯೆಂದು ಹೇಳುವ ಪಟವಿರಲಿಲ್ಲ. ಈ ಅವಶ್ಯಕತೆಯಿಂದ ಎರಡು ಮಾಪನಕಾರ್ಯಗಳು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಆರಂಭವಾದುವು. ಒಂದು ಮೆಕೆಂಜಿಯದು, ಇನ್ನೊಂದು ವಿಲಿಯಂ ಲ್ಯಾಂಬ್ಟನ್ನನದು.

ಲ್ಯಾಂಬ್ಟನ್ನನ ಉದ್ದೇಶವು ಊರುಗಳನ್ನು ಬರೆಯುವುದಲ್ಲ. ದಕ್ಷಿಣಾಪಥದ ಅಡ್ಡಗಲಕ್ಕೂ ತಪ್ಪಿಲ್ಲದ ಬಿಂದುಗಳ ಒಂದು ಜಾಲವನ್ನು ಹಾಸುವುದೂ ಭೂಮಿಯ ಆಕಾರವನ್ನೇ ತಿಳಿಯುವುದೂ ಆತನ ಗುರಿ. ಅದರ ತತ್ತ್ವವು ಸರಳವಾದುದು. ತ್ರಿಭುಜದ ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದೆರಡು ಭುಜಗಳು ಗಣಿತದಿಂದ ಸಿದ್ಧಿಸುವುವು. ಆ ಭುಜಗಳಲ್ಲಿ ಒಂದನ್ನು ಆಧಾರವಾಗಿ ಹಿಡಿದು ಮುಂದಣ ತ್ರಿಭುಜ, ಅದರಿಂದ ಅದರ ಮುಂದಣದು. ಹೀಗೆ ಒಂದೇ ಒಂದು ರೇಖೆಯನ್ನು ನೆಲದ ಮೇಲೆ ಅಳೆದರೆ ಸಾಕು, ಉಳಿದುದೆಲ್ಲವೂ ಕೋನಗಳ ಕೆಲಸ. ಆದರೆ ಆ ಒಂದು ರೇಖೆಯಲ್ಲಿ ತಪ್ಪಿದರೆ ಸಮಸ್ತವೂ ತಪ್ಪುವುದು. ೧೮೦೦ನೆಯ ಇಸವಿಯ ಅಕ್ಟೋಬರಿನಿಂದ ಡಿಸೆಂಬರಿನ ವರೆಗೆ ಬೆಂಗಳೂರಿನ ಸಮೀಪದ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿಗಳ ಆಧಾರರೇಖೆಯೊಂದನ್ನು ಆತನು ಅಳೆದನು. ಅಳೆದ ಉಕ್ಕಿನ ಸರಪಣಿಯು ೧೦೦ ಅಡಿ ಉದ್ದದ್ದು, ಎರಡೂವರೆ ಅಡಿಗಳ ೪೦ ಕೊಂಡಿಗಳುಳ್ಳದ್ದು. ಅದರ ಪೂರ್ವಚರಿತ್ರೆಯು ವಿನೋದಕರವಾಗಿದೆ. ಚೀನದ ಚಕ್ರವರ್ತಿಗೆ ಉಡುಗೊರೆಯಾಗಿ ೧೭೯೩ರಲ್ಲಿ ಹೋದ ವಸ್ತುಗಳಲ್ಲಿ ಅದೂ ಒಂದಾಗಿದ್ದು, ಅಲ್ಲಿ ಸ್ವೀಕೃತವಾಗದೆ ಹಿಂದಿರುಗಿ ಕೊನೆಗೆ ಲ್ಯಾಂಬ್ಟನ್ನನ ಕೈಸೇರಿತು. ಉಕ್ಕು ಬಿಸಿಲಿಗೆ ಹಿಗ್ಗುವುದರಿಂದ ಸರಪಣಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ನೆರಳು ಮಾಡಿ, ಉಷ್ಣಮಾಪಕಗಳನ್ನಿಟ್ಟು, ಪ್ರತಿಯೊಂದು ಅಳತೆಗೂ ಶಾಖದ ಸಂಸ್ಕಾರವನ್ನು ಮಾಡಬೇಕಾಗಿದ್ದಿತು.

ಬೆಂಗಳೂರಿನ ಈ ರೇಖೆಯು ಪ್ರಯೋಗಪ್ರಾಯವಾದುದು. ಮಹಾಜಾಲದ ಆರಂಭವು ೧೮೦೨ನೆಯ ಇಸವಿ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮೊದಲಾದ ಆಧಾರರೇಖೆಯಿಂದ. ಅರ್ಧ ಟನ್ನಿನಷ್ಟು ಭಾರವಾದ ಆತನ ದೊಡ್ಡ ಥಿಯೊಡೊಲೈಟು ಯಂತ್ರವನ್ನು ತರುತ್ತಿದ್ದ ಹಡಗು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ದ್ವೀಪಕ್ಕೆ ಹೋಯಿತು. ಯುದ್ಧಕಾಲದಲ್ಲಿಯೂ ಆ ದ್ವೀಪದ ಫ್ರೆಂಚ್ ಅಧಿಕಾರಿಯು ಯಂತ್ರದ ಪ್ರಯೋಜನವನ್ನರಿತು ಅದನ್ನು ಗೌರವಪೂರ್ವಕವಾಗಿ ಮದರಾಸಿಗೆ ಕಳುಹಿಸಿಕೊಟ್ಟನು. ಮದರಾಸಿನಿಂದ ಹೊರಟ ತ್ರಿಭುಜಗಳು ಘಟ್ಟವನ್ನು ಹತ್ತಿ ಬೆಂಗಳೂರನ್ನು ಸೇರಿದ ಬಳಿಕ, ೧೮೦೪ರಲ್ಲಿ ಅಲ್ಲಿ ಹೊಸದಾಗಿ ಒಂದು ರೇಖೆಯನ್ನು ಸರಪಣಿಯಿಂದ ಅಳೆದು ಗಣಿತಾಗತವಾದ ಉದ್ದದೊಡನೆ ಹೋಲಿಸಿದರು. ವ್ಯತ್ಯಾಸವು ೪ ಇಂಚುಗಳಿಗೂ ಕಡಮೆ! ಇಷ್ಟು ಸೂಕ್ಷ್ಮತೆಗೆ ಕಾರಣವಾದ ಸಂಸ್ಕಾರಗಳಲ್ಲಿ ಒಂದನ್ನು ಹೇಳಬಹುದು. ಗೋಲಾಕಾರದ ಭೂಮಿಯ ಮೇಲೆ ಎಳೆದ ತ್ರಿಭುಜದ ಮೂರು ಕೋನಗಳ ಮೊತ್ತವು ೧೮೦ ಅಂಶಗಳಿಗಿಂತ ಕೊಂಚ ಮಿಗಿಲು. ಸುಮಾರು ೭೬ ಚದರ ಮೈಲಿಗಳಿಗೆ ಒಂದು ವಿಕಲೆಯಂತೆ ಈ ಆಧಿಕ್ಯವು ಬೆಳೆಯುತ್ತದೆ. ೩೦ ಮೈಲಿಗಳ ಭುಜಗಳುಳ್ಳ ತ್ರಿಭುಜದಲ್ಲಿ ಅದು ೫ ವಿಕಲೆಯಷ್ಟು. ಮೈಸೂರು ಸೀಮೆಯನ್ನೂ ಕೊಡಗನ್ನೂ ದಾಟಿ, ತಡಿಯಂಡಮೋಳ್ ಮೊದಲಾದ ಶಿಖರಗಳ ಮೇಲಿಂದ ಜಾಲವು ಪಶ್ಚಿಮ ಸಮುದ್ರವನ್ನು ಮುಟ್ಟಿದಾಗ, ಹಿಂದಿನ ಪಟಗಳು ಸುಮಾರು ೪೦೦ ಮೈಲಿಗಳೆಂದು ತೋರಿಸಿದ್ದ ಪರ್ಯಾಯದ್ವೀಪದ ಅಗಲವು ನಿಜವಾಗಿ ೩೬೦ ಮೈಲಿಗಳಷ್ಟೇ ಎಂದು ಸಿದ್ಧವಾಯಿತು. ಒಂದು ನಾಡಿನ ನಲವತ್ತು ಮೈಲಿಗಳು ಯಾವ ಯುದ್ಧವೂ ಇಲ್ಲದೆ ಮಾಯವಾದುವು.

ಆದರೆ ಬಿಂದುಗಳೂ ರೇಖೆಗಳೂ ಸೇರಿದ ಮಾತ್ರಕ್ಕೆ ನಾಡಿನ ಪಟವಾಗುವುದಿಲ್ಲ. ಎರಡು ಶಿಖರಗಳ ನಡುವಣ ನೂರಾರು ಊರುಗಳನ್ನೂ ಕೆರೆಗಳನ್ನೂ ತುಂಬಿದವರು ಮೆಕೆಂಜಿಯ ಪರಿವಾರದವರು. ಮೇದರ್, ವಾರನ್, ಆರ್ಥರ್ ಮೊದಲಾದ ಸಹಾಯಕರೂ, ೧೭೯೪ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಭೂಮಾಪನ ಪಾಠಶಾಲೆಯಲ್ಲಿ ಕಲಿತ ಹುಡುಗರೂ ಈ ಕಾರ್ಯದಲ್ಲಿದ್ದರು. ಸಣ್ಣ ಥಿಯೊಡೊಲೈಟುಗಳಿಂದ ಸಣ್ಣ ತ್ರಿಭುಜಗಳು, ಫಲಕದ ಮೇಲೆ ಅಲ್ಲಿಂದಲ್ಲಿಗೇ ಬರೆದ ವಿವರಗಳು, ಚಕ್ರವನ್ನು ಉರುಳಿಸಿಕೊಂಡು ಅಳೆದ ದಾರಿಗಳು. ಇವೇ ಅವರ ಸಾಧನಗಳು. ಸುಮಾರು ೪೦,೦೦೦ ಚದರ ಮೈಲಿಗಳ ಭೂಪಟಗಳೂ ಅವುಗಳೊಡನೆ ಏಳು ದೊಡ್ಡ ಸಂಪುಟಗಳ ವಿವರಣೆಯೂ ಸಿದ್ಧವಾದುವು. ಜ್ವರವು ಅವರನ್ನು ಬಿಡದೆ ಕಾಡಿತು. ಮೇದರನು ಆರೋಗ್ಯಗೆಟ್ಟು ಕೆಲಸವನ್ನು ಬಿಟ್ಟನು. ಲ್ಯಾಂಬ್ಟನ್ನನ ಕೀರ್ತಿಯು ಇವರೆಲ್ಲರ ಶ್ರಮವನ್ನು ಮರೆಸಿಬಿಟ್ಟಿರುವುದು ನ್ಯಾಯವಲ್ಲ.

ಈಗ ಸಾಲಿಗ್ರಾಮದ ಸೀಮೆಯನ್ನು ನೋಡಬಹುದು. ಇದು ಉಡುಪಿಯ ಕಡೆಯ ಸಾಲಿಗ್ರಾಮವಲ್ಲ. ರಾಮಾನುಜಾಚಾರ್ಯರ ಐತಿಹ್ಯದಿಂದಲೂ ಶ್ರೀಪಾದತೀರ್ಥದಿಂದಲೂ ಪ್ರಸಿದ್ಧವಾದ, ಹಿಂದೆ ಎಡತೊರೆಯ ತಾಲ್ಲೂಕಿಗೆ ಸೇರಿದ್ದ ಊರು. ಕಾವೇರಿಯು ಕೊಣನೂರು, ರಾಮನಾಥಪುರಗಳನ್ನು ದಾಟಿ ಆಗ್ನೇಯಕ್ಕೆ ತಿರುಗಿ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕುವುದಕ್ಕೆ ಮೊದಲು ಅದರ ಉತ್ತರಕ್ಕೆ ಈ ಊರಿದೆ. ಭೂಮಾಪಕನು ಇಲ್ಲಿ ನಿಂತು ಸುತ್ತಲೂ ನೋಡಿದರೆ ಯಂತ್ರವನ್ನು ತಿರುಗಿಸತಕ್ಕ ಗುರುತುಗಳು ಅತಿ ವಿರಳ. ನೈರುತ್ಯದಲ್ಲಿ ಸುಮಾರು ೧೨ ಮೈಲಿಗಳ ದೂರದಲ್ಲಿ ಸಮುದ್ರಮಟ್ಟದಿಂದ ೪,೩೦೦ ಅಡಿಗಳಿಗೂ ಮಿಗಿಲಾಗಿ ಏಕಾಕಿಯಾಗಿ ಎದ್ದು ನಿಂತ ಬೆಟ್ಟದಪುರದ ಗಿರಿಯೊಂದು. ಅದರ ನೆತ್ತಿಯ ಮೇಲಣ ಸಿಡಿಲು ಮಲ್ಲಿಕಾರ್ಜುನನ ಗುಡಿ. ದೂರದಲ್ಲಿ ಮೇಲುಕೋಟೆಯ ಬೆಟ್ಟಗಳು, ೩,೪೮೯ ಅಡಿಗಳ ಚಾಮುಂಡಿಬೆಟ್ಟ. ಉಳಿದುದೆಲ್ಲವೂ ಏರುತ್ತಿಳಿಯುವ ರಾಗಿಯ ಹೊಲ, ಗದ್ದೆಯ ಬಯಲು, ತೋಪು. ಹಗಲಿನ ಬಿಸಿಲು ಏರಿದ ಮೇಲೆ ನೆಲದಿಂದೇಳುವ ಝಳದಲ್ಲಿ ದೂರದ ಗುರುತುಗಳು ನಡುಗುತ್ತವೆ. ಆದಕಾರಣ ಬಯಲಿನಲ್ಲಿ ಕೋನಗಳನ್ನು ಅಳೆಯುವುದಕ್ಕೆ ಮುಂಜಾನೆಯೂ ಸಂಜೆಯೂ ಪ್ರಶಸ್ತ.

ಇಂತಹ ನೆಲದಲ್ಲಿ ಅತ್ಯಂತ ಮುಖ್ಯವಾದ ಎತ್ತರತಗ್ಗುಗಳು ಕಣ್ಣಿಗೆ ಕಾಣತಕ್ಕವಲ್ಲ. ನಾಲೆಯ ನೀರು ಮೈಲಿಗೆ ಒಂದೆರಡು ಅಡಿಗಳ ಇಳಿಜಾರಿನಲ್ಲಿ ಹರಿಯುತ್ತದೆ. ಚುಂಚನಕಟ್ಟೆಯಿಂದ ಹೊರಡುವ ರಾಮಸಮುದ್ರದ ನಾಲೆ, ಮಿರ್ಲೆಯ ನಾಲೆ ಮೊದಲಾದುವನ್ನು ತೆಗೆದವರು ಯಾವ ಮಟ್ಟಯಂತ್ರವನ್ನೂ ಕಂಡವರಲ್ಲ. ನೀರನ್ನೇ ಮಟ್ಟಗೋಲನ್ನಾಗಿ ಮಾಡಿಕೊಂಡು, ನೀರು ನಿಂತಲ್ಲಿ ತೋಡಿ, ಓಡಿದಲ್ಲಿ ಬಳಸಿ ತಂದರು. ಕೆರೆಗಳ ಸರಣಿಯೂ ಹಾಗೆಯೇ. ಮೇಲಣ ಕೆರೆಯ ಕೋಡಿ ಹರಿದ ನೀರು ಕೆಳಗಣ ಕೆರೆಗೆ, ಅದರ ಕೋಡಿ ಅದರ ಕೆಳಗಣದಕ್ಕೆ. ಹಿಂದಿನ ಮೈಸೂರು ಸೀಮೆಯಲ್ಲಿ ಮೂವತ್ತು ಸಾವಿರಕ್ಕೂ ಮಿಗಿಲಾಗಿ ಕೆರೆಗಳಿದ್ದುವೆಂದರೆ, ಅಷ್ಟು ಸಾವಿರ ಸ್ಥಳಗಳಲ್ಲಿ ನೆಲದ ಮಟ್ಟವನ್ನು ಯಾರೋ ನಿರ್ಣಯಿಸಿದ್ದರೆಂದೇ ಅರ್ಥ. ಮೆಕೆಂಜಿಯ ಕಾಲದ ಪಟಗಳಲ್ಲಿ ಬೆಟ್ಟಗಳನ್ನು ಸಣ್ಣ ಗೆರೆಗಳ ನೆರಳಿನಿಂದ ತೋರಿಸುತ್ತಿದ್ದರೇ ಹೊರತು ಸಮೋನ್ನತರೇಖೆಗಳಿರಲಿಲ್ಲ. ಸಮಾನವಾದ ಎತ್ತರದ ಬಿಂದುಗಳನ್ನು ಸೇರಿಸುವ ಈ ರೇಖೆಗಳು ಬಂದುದು ಬಹಳ ಈಚೆಗೆ. ಬಂದ ಮೇಲೂ ಬಯಲುನಾಡಿಗೆ ಅವುಗಳಿಂದ ಆದ ಲಾಭವು ಅಲ್ಪವೇ. ೧:೫೦,೦೦೦ ಪ್ರಮಾಣದ ಇಂದಿನ ಪಟಗಳಲ್ಲಿ ಒಂದು ರೇಖೆಗೂ ಇನ್ನೊಂದಕ್ಕೂ ಸಾಮಾನ್ಯವಾಗಿ ೨೦ ಮೀಟರುಗಳ ಅಂತರ. ಒಂದು ಊರಿನ ಗದ್ದೆ, ನಾಲೆ, ಕೆರೆಗಳೆಲ್ಲವೂ ಎರಡು ರೇಖೆಗಳ ನಡುವೆ ಅಡಗಿಹೋಗಬಲ್ಲವು. ಅಲ್ಲಿ ನೆಲದ ವಾಟವನ್ನು ತಿಳಿಸುವುದು ಕೆರೆಗಳ ಕ್ರಮ ಮತ್ತು ಅವುಗಳ ಹೆಸರು. ಮೇಗಲಕೆರೆ, ಕೆಳಗಲಕೆರೆ ಎಂಬ ಹೆಸರುಗಳು ಪಟದಲ್ಲಿ ಉಳಿದಿದ್ದರೆ ಅವು ಸಮೋನ್ನತರೇಖೆಯ ಕೆಲಸವನ್ನೇ ಮಾಡುತ್ತವೆ.

ಸಮೋನ್ನತರೇಖೆ ಎಂದರೇನೆಂಬುದನ್ನು ಪ್ರತ್ಯಕ್ಷವಾಗಿ ನೋಡಬೇಕೆನ್ನುವವರಿಗೆ ಈ ಸೀಮೆಯಲ್ಲಿಯೇ ಉದಾಹರಣೆ ಇದೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟಿನಲ್ಲಿ ನೀರು ೧೨೪.೮೦ ಅಡಿಗಳ ಪೂರ್ಣಮಟ್ಟಕ್ಕೆ ಬಂದಾಗ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಕಣಿವೆಗಳಲ್ಲಿ ಹಿನ್ನೀರಿನ ದಡವು ಬಳಸಿಬಳಸಿ ಎಳೆಯುವ ಗೆರೆಯೇ ಒಂದು ಸಮೋನ್ನತರೇಖೆ. ಅದು ಕಾಗದದ ಮೇಲೆ ಮೊದಲು ಹುಟ್ಟಿ, ಆಮೇಲೆ ನೆಲದ ಮೇಲೆ ಮೂಡಿತು. ಆ ಗೆರೆಯ ಒಳಗೆ ಬಿದ್ದ ಊರುಗಳು ಮುಳುಗಿದುವು, ಹೊರಗಿದ್ದುವು ಉಳಿದುವು. ಭೂಮಾಪನವು ಎಷ್ಟು ಮಂದಿಯ ಮನೆಗೆ ತಾಗತಕ್ಕ ಶಾಸ್ತ್ರವೆಂಬುದು ಆಗ ಈ ಸೀಮೆಯವರಿಗೆ ಚೆನ್ನಾಗಿ ತಿಳಿದಿರಬೇಕು.

ಹೆಸರಿನ ವಿಷಯಕ್ಕೆ ಬಂದರೆ, ಮಾಪಕನ ಯಂತ್ರವು ಊರಿನ ಸ್ಥಾನವನ್ನು ಹೇಳಬಲ್ಲುದು, ಊರಿನ ಹೆಸರನ್ನು ಹೇಳಲಾರದು. ಅದನ್ನು ಕೇಳಿಯೇ ಬರೆಯಬೇಕು. ಯಾರನ್ನು ಕೇಳಿದರು, ಕೇಳಿದವರಿಗೆ ಕನ್ನಡ ಬರುತ್ತಿದ್ದಿತೆ ಎಂಬುದರ ಮೇಲೆ ಪಟದ ಯೋಗ್ಯತೆಯು ನಿಂತಿತು. ಪಿರಿಯಾಪಟ್ಟಣವನ್ನು ತೆಗೆದುಕೊಳ್ಳಬಹುದು. ಪಿರಿಯ ಎಂಬುದು ಹಿರಿಯ ಎಂಬುದರ ಪ್ರಾಚೀನರೂಪವೆಂಬುದು ಹಳಗನ್ನಡವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ; ಹಿರಿದಾದ ಪಟ್ಟಣವೆಂದು ಅದರ ಅರ್ಥ. ಅದನ್ನು ಪ್ರಿಯಪಟ್ಟಣವೆಂದು ತಿದ್ದಿ, ಪ್ರೀತಿಪಾತ್ರವಾದ ನಗರವೆಂದು ಅರ್ಥಮಾಡಿದರು. ತಿದ್ದಿದವರು ಆಂಗ್ಲೇಯರಲ್ಲ, ಅವರಿಗೆ ಹೇಳಿಕೊಟ್ಟ ಸಂಸ್ಕೃತಜ್ಞರೇ ಇರಬೇಕು. ದೇಶ್ಯಶಬ್ದವನ್ನು ಕಂಡರೆ ಅದಕ್ಕೊಂದು ಧಾತುವನ್ನು ಹುಡುಕುವ ಚಾಪಲ್ಯವು ಪಂಡಿತರಲ್ಲಿ ಹಿಂದಿನಿಂದಲೂ ಉಂಟು. ಎಡತೊರೆ ಎಂಬುದರಲ್ಲಿ ಎಡ, ತೊರೆ ಎಂಬೆರಡು ಅಚ್ಚಗನ್ನಡ ಮಾತುಗಳು ಹೊಳೆಯ ತಿರುವನ್ನು ಸೂಚಿಸುತ್ತಿರುವಾಗ, ಅರ್ಕೇಶ್ವರನ ಸನ್ನಿಧಿಯಿಂದ ಅರ್ಕಪುರಿ ಎಂಬ ಹೆಸರೂ ಬಳಕೆಗೆ ಬಂದಿತು. ಎರಡನೆಯದು ಸ್ತೋತ್ರಕ್ಕೆ ಒಪ್ಪುತ್ತದೆ. ಭೂಪಟಕ್ಕೆ ಮೊದಲನೆಯದೇ ಬೇಕು, ಏಕೆಂದರೆ ಅದರಲ್ಲಿ ನೆಲದ ವಿಷಯವಿದೆ. ಆ ತಾಲ್ಲೂಕಿನ ಮುಖ್ಯಸ್ಥಳಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಕೃಷ್ಣರಾಜನಗರವೆಂಬ ಹೊಸ ಹೆಸರು ಬಂದ ಮೇಲೆ ಹೊಳೆಯ ಸುದ್ದಿಯೂ ಹೆಸರಿನಿಂದ ಹೋಯಿತು.

ಈ ತೊಡಕನ್ನು ಮೆಕೆಂಜಿಯು ಬೇಗನೆ ಅರಿತನು. ಆತನಿಗೆ ಕನ್ನಡವಾಗಲಿ ಸಂಸ್ಕೃತವಾಗಲಿ ಬಾರದು. ಕಾವಲಿ ವೆಂಕಟ ಬೋರಯ್ಯ, ಅವನು ೧೮೦೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಮೇಲೆ ತಮ್ಮನಾದ ಲಕ್ಷ್ಮಯ್ಯ, ಮಲೆಯೂರಿನ ಜೈನಪಂಡಿತ ಧರ್ಮಯ್ಯ, ಇವರ ಮೂಲಕವೇ ಆತನಿಗೆ ನಾಡು ಮಾತನಾಡಿತು. ಇತರರಿಗೆ ಓದಲು ಬಾರದ ಹಳಗನ್ನಡ ಶಾಸನಗಳನ್ನು ಧರ್ಮ್ಮಯ್ಯನು ಓದುತ್ತಿದ್ದನು. ೧೮೧೬ರಲ್ಲಿ ಥಾಮಸ್ ಹಿಕಿಯು ಬರೆದ ಚಿತ್ರದಲ್ಲಿ ಮೆಕೆಂಜಿಯು ತನ್ನ ಪಂಡಿತರ ನಡುವೆಯೇ ನಿಂತಿದ್ದಾನೆ. ದೂರದರ್ಶಕವನ್ನು ಹಿಡಿದ ಸೇವಕನೂ ಅದೇ ಚಿತ್ರದಲ್ಲಿದ್ದಾನೆ. ಮಾಪನವೂ ಪಾಂಡಿತ್ಯವೂ ಒಂದೇ ಕೆಲಸವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಧರ್ಮಯ್ಯನ ಊರಿನವನೇ ಆದ ದೇವಚಂದ್ರನಿಗೂ ೧೮೦೪ರಲ್ಲಿ ಮೆಕೆಂಜಿಯ ಪರಿಚಯವಾಯಿತು. ರಾಜಾವಳೀಕಥೆಯ ಮೂಲದಲ್ಲಿ ಈ ಪ್ರಸಂಗವಿದೆ.

ಮಾಪಕರ ಗುಡಾರವು ಒಂದು ಊರಿನ ಬಳಿ ಬಿದ್ದಾಗ ಶಾನುಭೋಗನನ್ನು ಕರೆಯಿಸುವರು. ಅವನು ತನ್ನ ಕಡತಗಳನ್ನು ತರುವನು. ಹುಣಸೆಬೀಜದ ಸರಿಯನ್ನೂ ಇದ್ದಲಿನ ಮಸಿಯನ್ನೂ ಬಳಿದು ಗಟ್ಟಿಮಾಡಿ ಮಡಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಪುಸ್ತಕಗಳವು. ಊರಿನ ಉತ್ಪತ್ತಿ, ಆಳಿದವರು, ಪಾಳೆಯಗಾರರು, ದೇವಸ್ಥಾನ, ಅಗ್ರಹಾರ, ಕೆರೆ ಕಟ್ಟೆ, ಗ್ರಾಮಗಳ ಪಟ್ಟಿ, ಇವುಗಳನ್ನು ಬರೆಯಿಸಿಕೊಂಡುದೇ ಕೈಫಿಯತ್ತು. ಕೈಫಿಯತ್ತಿನ ಆದಿಭಾಗದಲ್ಲಿ ಋಷಿಗಳೂ ರಾಕ್ಷಸರೂ ಬರುವುದನ್ನು ಕಂಡು ಚರಿತ್ರಕಾರರು ಅದನ್ನು ದೂರವಿಡುವುದುಂಟು. ಆದರೆ ಅದೇ ಬರಹದ ಉತ್ತರಭಾಗದಲ್ಲಿ ಎಲ್ಲೆ, ಕೆರೆ, ಹಾಳೂರುಗಳ ವಿಷಯದಲ್ಲಿ ಶಾನುಭೋಗನು ಸುಳ್ಳು ಹೇಳುವುದು ಕಷ್ಟವಾಗಿದ್ದಿತು, ಏಕೆಂದರೆ ಮರುದಿನ ಅದೇ ಎಲ್ಲೆಯ ಮೇಲೆ ಸರಪಣಿಯು ಓಡುತ್ತಿದ್ದಿತು. ಸ್ಥಳಪುರಾಣಕ್ಕೂ ಕೈಫಿಯತ್ತಿಗೂ ಇರುವ ಮುಖ್ಯಭೇದವು ಇದೇ. ಹಾಳೂರುಗಳ ವಿಷಯವಂತೂ ವಿಶೇಷವಾಗಿ ಗಮನಾರ್ಹ. ಕೊಡಗಿನ ದಾರಿಯಲ್ಲಿದ್ದುದರಿಂದ ಪಿರಿಯಾಪಟ್ಟಣದ ಸೀಮೆಯು ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ಪದೇಪದೇ ಹಾಳಾಯಿತು. ೧೮೦೦-೧೮೦೧ರಲ್ಲಿ ಪ್ರವಾಸಮಾಡಿದ ಬುಕಾನನ್ ಅದರ ದುರವಸ್ಥೆಯನ್ನು ಬರೆದಿಟ್ಟಿದ್ದಾನೆ. ಜನವಿಲ್ಲದ ಊರಿನ ಸ್ಥಾನವನ್ನು ಪಟವು ತೋರಿಸಬಹುದು. ಅಲ್ಲಿ ಯಾರಿದ್ದರು, ಏಕೆ ಹೋದರು ಎಂಬುದನ್ನು ಕೈಫಿಯತ್ತೇ ಹೇಳಬೇಕು. ಕಂದಾಯದ ದಫ್ತರಗಳಲ್ಲಿ ಬೇಚರಾಕ್ ಎಂಬ ಒಂದೇ ಮಾತಿನಿಂದ ಗುರುತಾಗಿರುವ ಎಷ್ಟೋ ಗ್ರಾಮಗಳಿಗೆ ಹೀಗೆ ಚರಿತ್ರೆಯು ಮರಳಿ ದೊರೆಯಬಹುದು.

ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ಕಡೆಗೆ ಹೋದರೆ ಸ್ಥಿತಿಯು ಬೇರೆ. ಅಲ್ಲಿ ಬಯಲು ಮುಗಿದು ಕಾಡು ಮೊದಲಾಗುವುದು. ದೃಷ್ಟಿಯನ್ನು ತಡೆಯುವುದು ಭೂಮಿಯ ಗೋಲತ್ವವಲ್ಲ, ಬಿದಿರಿನ ಮೆಳೆ. ಶಿಖರದಿಂದ ಶಿಖರಕ್ಕೆ ಗೆರೆ ಎಳೆಯುವುದಕ್ಕೆ ಮರಗಳನ್ನು ಕಡಿಯಿಸಬೇಕು. ಮಳೆಗಾಲವು ಮುಗಿದೊಡನೆ ಜ್ವರದ ಕಾಲ. ಶಾನುಭೋಗನೂ ಕಡತವೂ ಇಲ್ಲದ ಆ ನೆಲದಲ್ಲಿ ಹಳ್ಳಕೊಳ್ಳಗಳ ಹೆಸರನ್ನು ಬಲ್ಲವರು ಜೇನುಕುರುಬರು, ಬೆಟ್ಟಕುರುಬರು ಮೊದಲಾದ ಕಾಡಿನ ನಿವಾಸಿಗಳು ಮಾತ್ರ. ಅವರ ಹೆಸರುಗಳಲ್ಲಿ ಅಲಂಕಾರವಿಲ್ಲ. ಜೌಗಿನ ಹುಲ್ಲುಬಯಲು ಹಡ್ಲು. ಹಾವಿನಂತೆ ಬಳಸಿ ಹರಿಯುವ ತೊರೆ ನಾಗರಹೊಳೆ. ಪಟವನ್ನು ಬರೆದವರ ಹೆಸರುಗಳು ಮೂಲೆಯಲ್ಲಿ ಕಾಣುತ್ತವೆ. ಪಟದ ತುಂಬ ಇರುವ ಈ ಹೆಸರುಗಳನ್ನು ಕೊಟ್ಟವರು ಯಾರೆಂಬುದು ಎಲ್ಲಿಯೂ ಕಾಣುವುದಿಲ್ಲ.

ಒಂದೇ ಗುಡಾರದಲ್ಲಿ ಹುಟ್ಟಿದ ಈ ಎರಡು ಸಂಪತ್ತುಗಳೂ ಹೇಗೆ ಅಗಲಿದುವೆಂಬುದು ಇನ್ನು ಉಳಿದ ವಿಷಯ. ೧೮೨೧ನೆಯ ಇಸವಿ ಮೇ ೮ರಂದು ಮೆಕೆಂಜಿಯು ತೀರಿಕೊಂಡನು. ಆತನ ಸಂಗ್ರಹವನ್ನು ಕಂಪೆನಿಯು ಆತನ ವಿಧವೆಯಿಂದ ಒಂದು ಲಕ್ಷ ರೂಪಾಯಿಗಳಿಗೆ ಕೊಂಡಿತು. ವಿಲ್ಸನ್ ಪಂಡಿತನು ೧೮೨೮ರಲ್ಲಿ ಅದರ ಪಟ್ಟಿಯನ್ನು ಅಚ್ಚುಹಾಕಿಸಿದನು. ಸಂಗ್ರಹವು ಹರಿದು ಹಂಚಿಹೋಯಿತು. ಭೂಪಟಗಳಲ್ಲಿಯೂ ಚಿತ್ರಗಳಲ್ಲಿಯೂ ಬಹುಭಾಗವು ಲಂಡನ್ನಿಗೆ ಸೇರಿತು. ದಕ್ಷಿಣದೇಶದ ಭಾಷೆಗಳ ಬರಹಗಳು ಮದರಾಸಿಗೆ ಬಂದುವು. ಅಂದಿನಿಂದ ಪಟವನ್ನು ನೋಡುವವರಿಗೆ ಕನ್ನಡದ ಕೈಫಿಯತ್ತು ಸಿಕ್ಕಲಿಲ್ಲ, ಕೈಫಿಯತ್ತನ್ನು ಓದುವವರಿಗೆ ಪಟ ಸಿಕ್ಕಲಿಲ್ಲ. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ೧೯೯೪ರಲ್ಲಿ ಪ್ರಕಟವಾದುದು ಮಹೋಪಕಾರವಾಯಿತು. ಅವುಗಳಲ್ಲಿ ಬರುವ ಊರು, ಕೆರೆ, ಎಲ್ಲೆಗಳನ್ನು ಮೆಕೆಂಜಿಯ ಪಟಗಳ ಮೇಲೆ ಒಂದೊಂದಾಗಿ ಗುರುತಿಸುವ ಕೆಲಸವು ಮಾಡತಕ್ಕದ್ದಾಗಿದೆ. ಲಂಡನ್ನಿನ ಪಟಗಳ ಛಾಯಾಪ್ರತಿಗಳನ್ನು ಪಡೆಯುವುದು ಈಗ ಹಿಂದಿನಷ್ಟು ದುಸ್ಸಾಧ್ಯವಲ್ಲ.

ಮೆಕೆಂಜಿಯ ಬಳಿಕ ಈ ಸೀಮೆಯನ್ನು ಹಲವು ಸಲ ಅಳೆದರು. ೧೮೬೩ರಿಂದ ಕಂದಾಯದ ಮೋಜಣಿಯು ಹೊಲಹೊಲಕ್ಕೂ ನಂಬರು ಕೊಟ್ಟಿತು. ಬೀಜವರಿಯ ಲೆಕ್ಕವು ಹೋಗಿ ಎಕರೆ ಗುಂಟೆಗಳು ಬಂದುವು. ಅದೇ ಶತಮಾನದ ಉತ್ತರಾರ್ಧದಲ್ಲಿ ಮೈಲಿಗೆ ಒಂದು ಇಂಚಿನ ಪ್ರಮಾಣದ ಪಟಗಳು ಸಿದ್ಧವಾದುವು. ಭಾರತೀಯ ಸರ್ವೇಕ್ಷಣ ವಿಭಾಗದ ಇಂದಿನ ಹಾಳೆಗಳ ಕ್ರಮದಲ್ಲಿ ೧೨ ಮತ್ತು ೧೩ನೆಯ ಅಕ್ಷಾಂಶಗಳ, ೭೬ ಮತ್ತು ೭೭ನೆಯ ರೇಖಾಂಶಗಳ ನಡುವಣ ೫೭ ಡಿ ಎಂಬ ಚೌಕದಲ್ಲಿ ಸಾಲಿಗ್ರಾಮವು ಬರುತ್ತದೆ. ೧೯೬೧ರ ಶಾಸನದಿಂದ ಗ್ರಾಮಾಧಿಕಾರಗಳು ರದ್ದಾಗಿ ೧೯೬೩ರಲ್ಲಿ ಶಾನುಭೋಗಿಕೆಯು ನಿಂತುಹೋಯಿತು. ಆ ಹುದ್ದೆಯಲ್ಲಿ ದೋಷಗಳಿದ್ದುವು, ಸಂದೇಹವಿಲ್ಲ. ಆದರೆ ಎಲ್ಲೆಯ ಕಲ್ಲುಗಳನ್ನೂ ಹಾಳೂರುಗಳ ಹೆಸರುಗಳನ್ನೂ ತಂದೆಯಿಂದ ಮಗನಿಗೆ ದಾಟಿಸುತ್ತಿದ್ದ ಬಾಯಿಪಾಠವೂ ಅದರೊಡನೆ ಕಡಿದುಹೋಯಿತು. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಎಂಬ ಹಾರುವ ಯಂತ್ರಗಳು ಊರಿನ ಮನೆಮನೆಯ ಸೂರನ್ನೂ ಮೇಲಿನಿಂದ ಚಿತ್ರಿಸುತ್ತವೆ. ಸೂರಿನ ಅಂಚು ಅವುಗಳಿಗೆ ಕಾಣುತ್ತದೆ. ಕಳ್ಳಿಯ ಬೇಲಿಯೊಳಗೆ ಹೂತುಹೋದ ವಾಮನಮುದ್ರೆಯ ಕಲ್ಲು ಕಾಣುವುದಿಲ್ಲ.

ಕನ್ನಂಬಾಡಿಯ ಹಿನ್ನೀರಿನಲ್ಲಿಯೂ, ೧೯೭೪ರಲ್ಲಿ ಪೂರ್ಣವಾದ ಕಬಿನಿಯ ಅಣೆಕಟ್ಟಿನ ಹಿನ್ನೀರಿನಲ್ಲಿಯೂ ಮುಳುಗಿದ ಊರುಗಳ ಎಲ್ಲೆಗಳನ್ನು ಇನ್ನು ಯಾರೂ ನಡೆದು ನೋಡಲಾರರು. ಆ ಊರುಗಳಿಗೆ ಮೆಕೆಂಜಿಯ ಪಟವೂ ಅದರ ಮುಂದಣ ಹಳೆಯ ಪಟಗಳೂ, ಉಳಿದು ಬಂದಿರುವ ಕೈಫಿಯತ್ತುಗಳೂ ಶಾಸನಗಳೂ ಮಾತ್ರವೇ ಆಧಾರ. ಜೋಡಣೆಯ ಕೆಲಸವನ್ನು ಕೈಗೊಳ್ಳುವವರು ಆ ಹಿನ್ನೀರಿನ ಸೀಮೆಯಿಂದಲೇ ಮೊದಲುಮಾಡುವುದು ಯುಕ್ತ. ಬೇಸಗೆಯಲ್ಲಿ ಕನ್ನಂಬಾಡಿಯ ನೀರು ಬಹಳ ಇಳಿದ ವರ್ಷಗಳಲ್ಲಿ ಹಳೆಯ ಕಟ್ಟಡಗಳ ಕಲ್ಲುಗಳು ಕೆಲವು ದಿನ ಹೊರಗೆ ಕಾಣುವುದುಂಟು. ಪಟದ ಮೇಲಣ ಸ್ಥಾನವನ್ನು ನೆಲದ ಮೇಲೆ ತಾಳೆನೋಡುವುದಕ್ಕೆ ಆ ದಿನಗಳು ಅನುಕೂಲವಾದುವು.